ಗಜೇಂದ್ರಗಡದ ಗಾಳಿ, ಪಂಚಮಿಯ ಜೋಕಾಲಿ

ರೋಣದಿಂದ ಗಜೇಂದ್ರಗಡದ ಹಾದಿ ಹಿಡಿದವರಿಗೆ ಮೊದಲು ಎದುರಾಗುವುದು ಎರೆಭೂಮಿಯ ಬಯಲು. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಜೋಳ ಕಡಲೆಗಳು ಕಾಲಕ್ಕೆ ತಕ್ಕಂತೆ ಅದಕ್ಕೆ ಬಣ್ಣ ತೊಡಿಸುತ್ತವೆ. ಊರು ಸಮೀಪಿಸಿದಂತೆ ಬಯಲಿನ ಅಂಚಿನಲ್ಲಿ ಗುಡ್ಡದ ಸಾಲು ತಲೆಯೆತ್ತುತ್ತದೆ. ಗುಡ್ಡದ ಮೇಲಿನ ಹಳೆಯ ಕೋಟೆ, ಕಾಲಕಾಲೇಶ್ವರನ ಗುಡಿ ಇವನ್ನು ಅರಸಿ ಬಂದವರ ಕಣ್ಣಿಗೆ ಈಚಿನ ದಶಕಗಳಲ್ಲಿ ಮತ್ತೊಂದು ನೋಟ ಬೀಳತೊಡಗಿದೆ. ಆಕಾಶಕ್ಕೆ ಚಾಚಿದ ಬಿಳಿಯ ಕಂಬಗಳು. ಒಂದೊಂದರ ತುದಿಯಲ್ಲಿಯೂ ಮೂರು ನೀಳ ರೆಕ್ಕೆಗಳು. ಊರವರು ಅವನ್ನು ‘ಫ್ಯಾನು’ ಎಂದುಬಿಡುತ್ತಾರೆ. ಮನೆಯ ಫ್ಯಾನು ವಿದ್ಯುತ್ತನ್ನು ತಿಂದು ಗಾಳಿ ಕೊಡುತ್ತದೆ, ಇದು ಗಾಳಿಯನ್ನು ತಿಂದು ವಿದ್ಯುತ್ತು ಕೊಡುತ್ತದೆ. ಹೆಸರಿನಲ್ಲಿ ತಪ್ಪು ಹುಡುಕುವುದೇಕೆ?

ಆದರೆ ಆಷಾಢದಲ್ಲಿ ಆ ಗುಡ್ಡದ ಕೆಳಗೆ ನಿಂತು ನೋಡುವವರಿಗೆ ಒಂದು ಸೋಜಿಗ ಕಾದಿರುತ್ತದೆ. ಜಾತ್ರೆಯಲ್ಲಿ ಕೊಂಡ ಕಾಗದದ ಗಿರಿಗಿಟ್ಟಲೆ ಗಾಳಿ ಹೆಚ್ಚಿದಷ್ಟೂ ಭರ್ರನೆ ತಿರುಗುತ್ತದೆ. ಈ ಮಹಾಕಾಯಗಳು ಹಾಗಲ್ಲ. ತಲೆಯ ಮೇಲಿನ ರುಮಾಲು ಹಾರಿಹೋಗುವಂಥ ಗಾಳಿಯಲ್ಲಿಯೂ ಅವುಗಳ ನಡೆ ಒಂದು ಮಿತಿಯನ್ನು ದಾಟುವುದಿಲ್ಲ. ಬಿರುಗಾಳಿಯೇ ಎದ್ದರಂತೂ, ಸುಗ್ಗಿಯ ಹೊತ್ತಿಗೆ ಕೈಕಟ್ಟಿ ಕುಳಿತ ಆಳಿನಂತೆ, ಅವು ನಿಂತೇಬಿಡುತ್ತವೆ!

ಇದರ ಗುಟ್ಟು ಗಾಳಿಯ ಲೆಕ್ಕದಲ್ಲಿದೆ. ಗಾಳಿಯ ವೇಗ ಎರಡರಷ್ಟಾದರೆ ಅದು ಹೊತ್ತು ತರುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ, ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಸಾಮಾನ್ಯವಾಗಿ ಇಂಥ ಯಂತ್ರ ಸೆಕೆಂಡಿಗೆ ೩-೪ ಮೀಟರ್ ವೇಗದ ಗಾಳಿಗೆ ಎಚ್ಚೆತ್ತು ೧೨-೧೪ ಮೀಟರಿಗೆ ತನ್ನ ಪೂರ್ಣ ಸಾಮರ್ಥ್ಯವನ್ನು ಮುಟ್ಟುತ್ತದೆ. ಅದಕ್ಕಿಂತ ಮೇಲೆ ಬಂದದ್ದೆಲ್ಲ ಬೇಡದ ಭಾಗ್ಯ. ತಡೆಯದಿದ್ದರೆ ರೆಕ್ಕೆ ಮುರಿದೀತು, ಉತ್ಪಾದಕ ಸುಟ್ಟೀತು. ಆದ್ದರಿಂದ ರೆಕ್ಕೆಗಳನ್ನು ಬುಡದಲ್ಲಿಯೇ ತುಸು ಹೊರಳಿಸಿ ಗಾಳಿಗೆ ಓರೆಯಾಗಿಸುವ ಏರ್ಪಾಡು ಮಾಡಿರುತ್ತಾರೆ. ಹೆಚ್ಚಿನ ಗಾಳಿ ಹಾಗೆಯೇ ಜಾರಿಹೋಗುತ್ತದೆ. (ಕೆಲವು ಹಳೆಯ ಮಾದರಿಗಳಲ್ಲಿ ರೆಕ್ಕೆ ಹೊರಳುವುದಿಲ್ಲ, ಗಾಳಿ ಅತಿಯಾದಾಗ ತಾನಾಗಿಯೇ ಅದರ ಹಿಡಿತ ತಪ್ಪುವಂತೆ ರೆಕ್ಕೆಯ ಆಕಾರವನ್ನೇ ರೂಪಿಸಿರುತ್ತಾರೆ.) ೨೫ ಮೀಟರಿನ ಸುಮಾರಿಗೆ ಯಂತ್ರ ಸಂಪೂರ್ಣ ನಿಲ್ಲುತ್ತದೆ.

ರೆಕ್ಕೆ ಹೊರಳಿಸುವುದೇನೋ ಸರಿ. ಎಷ್ಟು ಹೊರಳಿಸಬೇಕು? ಎಷ್ಟು ಬೇಗ? ಕಷ್ಟವಿರುವುದು ಇಲ್ಲಿ.

ಶ್ರಾವಣದಲ್ಲಿ ಈ ನಾಡಿನ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬಂದಾಗ ಮರದ ಕೊಂಬೆಗೆ ಜೋಕಾಲಿ ಬೀಳುತ್ತದೆ. ಜೋಕಾಲಿ ತೂಗುವ ಕೈಯನ್ನು ಗಮನಿಸಿರಿ. ಅದು ಮುಂದಕ್ಕೆ ಹೊರಡುವ ಕ್ಷಣದಲ್ಲಿ ಮೆಲ್ಲನೆ ನೂಕಿದರೆ ಸಾಕು, ಜೀಕು ಏರುತ್ತಲೇ ಹೋಗುತ್ತದೆ. ತನ್ನತ್ತ ಬರುತ್ತಿರುವಾಗ ಅದೇ ಕೈ ಅಷ್ಟೇ ಬಲದಿಂದ ಎದುರೊತ್ತಿದರೆ ಜೋಕಾಲಿ ತಣ್ಣಗಾಗುತ್ತದೆ. ಕೈಯೂ ಒಂದೇ, ಬಲವೂ ಒಂದೇ. ಬೇರೆಯಾದದ್ದು ಹೊತ್ತು ಮಾತ್ರ. ಗಾಳಿಯಂತ್ರದ ನಿಯಂತ್ರಕವೂ ಇಂಥದೊಂದು ಕೈ. ವೇಗ ಹೆಚ್ಚಿದ್ದನ್ನು ಅದು ತಡವಾಗಿ ಅರಿತು, ವೇಗ ಇಳಿಯತೊಡಗಿದ ಮೇಲೆ ರೆಕ್ಕೆಯನ್ನು ಓರೆಮಾಡಿದರೆ ವೇಗ ಇನ್ನಷ್ಟು ಕುಸಿಯುತ್ತದೆ. ಗಾಬರಿಯಿಂದ ಮತ್ತೆ ತೆರೆದರೆ ಮೊದಲಿಗಿಂತ ಮೇಲೇರುತ್ತದೆ. ತಡೆಯಲು ಬಂದ ಕೈಯೇ ತೂಗುವ ಕೈಯಾಗುತ್ತದೆ. ಸದುದ್ದೇಶದಿಂದಲೇ ಕೆಡುವ ಕೆಲಸಗಳು ಮನೆಗಳಲ್ಲಿಯೂ ಇಲ್ಲದಿಲ್ಲ.

ಈ ತೊಡಕು ಮನುಷ್ಯನಿಗೆ ಎದುರಾದದ್ದು ಇಂದು ನಿನ್ನೆಯಲ್ಲ. ತಿರುಗುವ ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹರಡಿಕೊಂಡು ಯಂತ್ರವನ್ನು ತಾವೇ ಅಂಕೆಯಲ್ಲಿಡುವ ಉಪಾಯವನ್ನು ೧೭೮೭ರಲ್ಲಿ ಇಂಗ್ಲೆಂಡಿನ ಥಾಮಸ್ ಮೀಡ್ ಹಿಟ್ಟು ಬೀಸುವ ಗಾಳಿಗಿರಣಿಗಾಗಿ ನೋಂದಾಯಿಸಿದ. ಮರುವರ್ಷ ಜೇಮ್ಸ್ ವಾಟ್ ಅಂಥದನ್ನೇ ಹಬೆಯಂತ್ರಕ್ಕೆ ಅಳವಡಿಸಿದ. ಕೀರ್ತಿ ಹಬೆಯ ಪಾಲಾಯಿತು, ಗಾಳಿ ಮರೆಯಾಯಿತು. ಮುಂದೆ ಯಂತ್ರಗಳು ನಯವಾದಂತೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಎಷ್ಟೋ ಕಡೆ ನಿಯಾಮಕವಿದ್ದರೂ ಯಂತ್ರ ಒಮ್ಮೆ ಓಡುವುದು, ಒಮ್ಮೆ ತೆವಳುವುದು, ಮತ್ತೆ ಓಡುವುದು. ೧೮೬೮ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದನ್ನು ಗಣಿತದ ಮುಂದಿಟ್ಟನು. ಯಂತ್ರದ ಚಲನೆಯನ್ನು ಸಮೀಕರಣವಾಗಿ ಬರೆದರೆ, ಆಕಸ್ಮಿಕವಾಗಿ ಬಂದ ಅಲುಗಾಟ ಕ್ರಮೇಣ ಅಳಿಯುವುದೋ ಬೆಳೆಯುವುದೋ ಎಂಬುದನ್ನು ಯಂತ್ರ ಕಟ್ಟುವ ಮೊದಲೇ ಹೇಳಬಹುದೆಂದು ಅವನು ತೋರಿಸಿದನು. ೧೮೯೨ರಲ್ಲಿ ರಷ್ಯದ ಲ್ಯಾಪುನೋವ್ ಇನ್ನೂ ಮುಂದೆ ಹೋದನು. ಬೋಗುಣಿಯೊಳಗಿನ ಗೋಲಿ ಯಾವ ಜಾಡು ಹಿಡಿದು ಉರುಳೀತೆಂದು ತಿಳಿಯಬೇಕಾಗಿಲ್ಲ. ಅದರ ಶಕ್ತಿ ಸವೆಯುತ್ತಲೇ ಇದೆಯೆಂಬುದಷ್ಟು ಖಚಿತವಾದರೆ, ಗೋಲಿ ತಳದಲ್ಲಿ ನೆಲೆಗೊಳ್ಳುವುದೂ ಖಚಿತ. ಹೀಗೆ ಸವೆಯುವ ಒಂದು ರಾಶಿಯನ್ನು ಕಂಡುಕೊಂಡರೆ, ಎಂಥ ಜಟಿಲ ವ್ಯವಸ್ಥೆಯ ಸ್ಥಿರತೆಯನ್ನೂ ಸಮೀಕರಣ ಬಿಡಿಸದೆಯೇ ನಿರ್ಣಯಿಸಬಹುದೆಂಬುದು ಅವನ ವಾದ. ಇಂದಿಗೂ ಈ ಶಾಸ್ತ್ರದ ವಿದ್ಯಾರ್ಥಿಗಳು ಅವನ ಹೆಸರು ಹೇಳದೆ ಮುಂದೆ ಸಾಗುವುದಿಲ್ಲ.

ಒಂದು ಯಂತ್ರದ ಮಾತು ಇದಾಯಿತು. ಆದರೆ ಗುಡ್ಡದ ಯಂತ್ರ ಒಂಟಿಯಲ್ಲ. ಅದರ ತಂತಿ ಕೆಳಗಿಳಿದು ಶರಾವತಿಯ ನೀರಿನ ಚಕ್ರಗಳೊಡನೆ, ರಾಯಚೂರಿನ ಕಲ್ಲಿದ್ದಲಿನ ಚಕ್ರಗಳೊಡನೆ ಒಂದೇ ಜಾಲದಲ್ಲಿ ಸೇರುತ್ತದೆ. ಈ ಜಾಲದ ನಾಡಿ ಸೆಕೆಂಡಿಗೆ ೫೦ ಬಾರಿ ಮಿಡಿಯಬೇಕು. ನರಗುಂದದ ರೈತ ಪಂಪು ಹಚ್ಚಿದರೂ, ಹುಬ್ಬಳ್ಳಿಯ ಗೃಹಿಣಿ ಮಿಕ್ಸರ್ ತಿರುಗಿಸಿದರೂ ಆ ನಾಡಿ ಅಣುವಿನಷ್ಟಾದರೂ ಇಳಿಯುತ್ತದೆ. ಇಳಿದೊಡನೆ ಎಲ್ಲಿಯೋ ಒಂದು ನಿಯಾಮಕ ನೀರಿನ ಅಥವಾ ಹಬೆಯ ಬಾಗಿಲನ್ನು ಕೊಂಚ ತೆರೆಯುತ್ತದೆ. ನಮ್ಮ ದೇಶದ ಜಾಲಸಂಹಿತೆ ಈ ಮಿಡಿತಕ್ಕೆ ಇಟ್ಟಿರುವ ಎಲ್ಲೆ ೪೯.೯೦ರಿಂದ ೫೦.೦೫.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿಯೊಂದು ಸ್ಥಾವರವೂ ‘ಸರಿಯಾಗಿ ಐವತ್ತನ್ನು ನಾನೇ ನಿಲ್ಲಿಸುತ್ತೇನೆ’ ಎಂದು ಹಟ ಹಿಡಿದರೆ ಜಾಲ ನಿಲ್ಲದು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳೆರಡೂ ತಮ್ಮ ನಡೆಯೇ ಸರಿಯೆಂದು ಸೆಣಸಿದರೆ ಚಕ್ಕಡಿಯ ಗತಿ ಏನಾದೀತು? ಅದಕ್ಕಾಗಿ ನಿಯಾಮಕಗಳಿಗೆ ಬೇಕೆಂದೇ ತುಸು ಬಾಗುವ ಗುಣ ಕಲಿಸಿರುತ್ತಾರೆ. ಮಿಡಿತ ಇಷ್ಟು ಇಳಿದರೆ ಇಷ್ಟು ಮಾತ್ರ ಹೊರೆ ಎತ್ತು, ಉಳಿದದ್ದನ್ನು ನೆರೆಯವನಿಗೆ ಬಿಡು ಎಂಬುದು ಅದರ ತಾತ್ಪರ್ಯ.

ಜಾಲ ಕುಸಿದರೆ ಏನಾಗುವುದೆಂದು ದೇಶ ಕಂಡದ್ದು ೨೦೧೨ರ ಜುಲೈ ೩೦ ಮತ್ತು ೩೧ರಂದು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೆ ಉರುಳಿದವು. ೬೦ ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ರೈಲುಗಳು ಹಳಿಯ ಮೇಲೆಯೇ ನಿಂತವು. ಆ ದಿನ ರೋಣದ ಮನೆಗಳಿಗೆ ಅದರ ಬಿಸಿ ತಟ್ಟಲಿಲ್ಲ. ಆಗ ದಕ್ಷಿಣದ ಜಾಲ ತನ್ನದೇ ಮಿಡಿತದಲ್ಲಿ ಬೇರೆಯಾಗಿ ನಡೆಯುತ್ತಿತ್ತು. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ ಅದೂ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದ ಮಿಡಿತವೂ ಕನ್ಯಾಕುಮಾರಿಯ ಮಿಡಿತವೂ ಒಂದೇ. ದೊಡ್ಡ ಕುಟುಂಬದಲ್ಲಿ ಆಸರೆಯೂ ದೊಡ್ಡದು, ಹೊಣೆಯೂ ದೊಡ್ಡದು.

ಗಾಳಿಯಂತ್ರಗಳಿಗೆ ಇನ್ನೂ ಹತ್ತಿರದ ಪಾಠ ಇಂಗ್ಲೆಂಡಿನಲ್ಲಿ ನಡೆಯಿತು. ೨೦೧೯ರ ಆಗಸ್ಟ್ ೯ರ ಸಂಜೆ ಒಂದು ತಂತಿಗೆ ಸಿಡಿಲು ಬಡಿಯಿತು. ಸಿಡಿಲು ಅಪರೂಪವಲ್ಲ, ತಂತಿಯೂ ಕೂಡಲೇ ಚೇತರಿಸಿಕೊಂಡಿತು. ಆದರೆ ಉತ್ತರ ಸಮುದ್ರದ ಹಾರ್ನ್‌ಸೀ ಗಾಳಿಸ್ಥಾವರದಲ್ಲಿ ವೋಲ್ಟೇಜನ್ನು ಕಾಯುವ ನಿಯಂತ್ರಕ ಆ ಚಿಕ್ಕ ಅಲುಗಾಟಕ್ಕೆ ಉತ್ತರ ಕೊಡಹೋಗಿ ತಾನೇ ತೂಗತೊಡಗಿತು. ಪಂಚಮಿಯ ಜೋಕಾಲಿಯೇ! ಕ್ಷಣಾರ್ಧದಲ್ಲಿ ೭೩೭ ಮೆಗಾವಾಟ್ ಮಾಯವಾಯಿತು. ಅದೇ ಗಳಿಗೆಯಲ್ಲಿ ಲಿಟಲ್ ಬಾರ್‌ಫೋರ್ಡಿನ ಅನಿಲಸ್ಥಾವರವೂ ಕೈಕೊಟ್ಟಿತು. ಮಿಡಿತ ೪೮.೮ಕ್ಕೆ ಇಳಿಯಿತು, ಜಾಲವನ್ನು ಉಳಿಸಲು ೧೧ ಲಕ್ಷ ಗ್ರಾಹಕರ ವಿದ್ಯುತ್ತನ್ನು ತಾನಾಗಿ ಕಡಿದುಹಾಕಬೇಕಾಯಿತು. ಆ ಗಾಳಿಸ್ಥಾವರದಲ್ಲಿ ರೆಕ್ಕೆ ಮುರಿದಿರಲಿಲ್ಲ, ಕಂಬ ಬಿದ್ದಿರಲಿಲ್ಲ. ತಿದ್ದಬೇಕಾಗಿ ಬಂದದ್ದು ನಿಯಂತ್ರಕದ ಲೆಕ್ಕವನ್ನು.

ಗಜೇಂದ್ರಗಡಕ್ಕೆ ಇದರ ಸಂಬಂಧವೇನೆಂದರೆ, ರಾಯಚೂರಿನ ಚಕ್ರ ನಿಮಿಷಕ್ಕೆ ೩,೦೦೦ ಸುತ್ತು ತಿರುಗುವ ಭಾರಿ ಉಕ್ಕಿನ ಮುದ್ದೆ. ಎಲ್ಲಿಯಾದರೂ ಒಂದು ಸ್ಥಾವರ ಥಟ್ಟನೆ ಕೈಬಿಟ್ಟರೆ, ಯಾರೂ ಹೇಳದೆಯೇ ಅದು ತನ್ನ ಓಟದಲ್ಲಿ ಕೂಡಿಟ್ಟ ಶಕ್ತಿಯನ್ನು ಮೊದಲ ಕೆಲವು ಸೆಕೆಂಡುಗಳಿಗೆ ಸಾಲ ಕೊಡುತ್ತದೆ. ನಿಯಾಮಕಗಳು ಎಚ್ಚರಗೊಳ್ಳಲು ಅಷ್ಟು ಬಿಡುವು ಸಾಕು. ಹೊಸ ಗಾಳಿಯಂತ್ರಗಳ ರೆಕ್ಕೆಗಳೂ ಭಾರವೇ. ಆದರೆ ಅವು ಎಲೆಕ್ಟ್ರಾನಿಕ್ ಸಾಧನಗಳ ಮೂಲಕ ಜಾಲಕ್ಕೆ ಸೇರುವುದರಿಂದ ಆ ಭಾರ ತಾನಾಗಿ ಜಾಲಕ್ಕೆ ತಿಳಿಯುವುದಿಲ್ಲ. ಪಾವಗಡದ ಸೌರಫಲಕಗಳಲ್ಲಿಯಂತೂ ತಿರುಗುವ ವಸ್ತುವೇ ಇಲ್ಲ. ಗಾಳಿ ಬಿಸಿಲುಗಳ ಪಾಲು ಏರಿದಂತೆ ಆ ಮೊದಲ ಸೆಕೆಂಡುಗಳ ಸಾಲ ಕೊಡುವವರು ಕಡಿಮೆಯಾಗುತ್ತಾರೆ. ಆದ್ದರಿಂದ ಈಗ ತಜ್ಞರು ಆ ಎಲೆಕ್ಟ್ರಾನಿಕ್ ಸಾಧನಗಳಿಗೇ ಭಾರದ ಚಕ್ರದಂತೆ ವರ್ತಿಸುವುದನ್ನು ಕಲಿಸತೊಡಗಿದ್ದಾರೆ. ಕಲಿತದ್ದು ಸರಿಯೆ ಎಂದು ನೋಡಲು ದೇಶದ ಜಾಲವನ್ನೇ ಒಮ್ಮೆ ಅಲುಗಿಸಿ ಪರೀಕ್ಷಿಸುವಂತಿಲ್ಲ. ತಂತಿ ಜೋಡಿಸುವ ಮೊದಲೇ ಮ್ಯಾಕ್ಸ್‌ವೆಲ್ಲನ, ಲ್ಯಾಪುನೋವನ ಹಾದಿಯಲ್ಲಿ ಕಾಗದದ ಮೇಲೆ, ಗಣಕಯಂತ್ರದೊಳಗೆ ಅಲುಗಾಟ ಸವೆಯುವುದೋ ಬೆಳೆಯುವುದೋ ಎಂದು ಕಂಡುಕೊಳ್ಳಬೇಕು.

ಶ್ರಾವಣದ ಗಾಳಿ ಬೀಸುವ ದಿನಗಳಲ್ಲಿ ಕಾಲಕಾಲೇಶ್ವರನ ಗುಡಿಗೆ ಹೋಗುವವರು ಕ್ಷಣಕಾಲ ನಿಂತು ಗುಡ್ಡದ ಮೇಲಿನ ಒಂದು ರೆಕ್ಕೆಯನ್ನು ನೋಡಲಿ. ಗಾಳಿಯ ಹೊಡೆತಕ್ಕೆ ತಕ್ಕಂತೆ ಅದರ ಅಗಲವಾದ ಮೈ ಕಿರಿದಾಗಿ, ಮತ್ತೆ ಅಗಲವಾಗುವುದು ಚೂಪುಗಣ್ಣಿನವರಿಗೆ ಕಂಡರೂ ಕಂಡೀತು.