ನಾನೂ ನಮ್ಮ ಬೀದಿಯವಳೇ ಅಲ್ವಾ?

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಯಾರಾದರೂ ಮುದುಕಿ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎದುರಿಗೆ ಹಿಡಿದುಕೊಂಡು ನಡೆಯುತ್ತಿದ್ದರೆ, ಅದು ನಾನೇ. ಮೊದಮೊದಲು ನೋಡಿದವರು ನಗುತ್ತಿದ್ದರು. ಈಗ ಅವರೇ ಬಗ್ಗಿ ಮೊಬೈಲಿನ ಕಡೆ ಕೈ ಬೀಸುತ್ತಾರೆ. ಅದರೊಳಗೆ ನನ್ನ ಮೊಮ್ಮಗಳು ಇರುತ್ತಾಳೆ.

ಪುಟ್ಟಿ ಹುಟ್ಟಿದ್ದು, ಮೂರನೇ ಕ್ಲಾಸಿನವರೆಗೆ ಓದಿದ್ದು ಎಲ್ಲ ಇಲ್ಲೇ. ಮೂರು ವರ್ಷದ ಕೆಳಗೆ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾದ ಮೆಲ್ಬರ್ನಿಗೆ ಹೋದಳು. ಈಗ ಅಲ್ಲಿ ಚಳಿಗಾಲ. ನಮಗೆ ಬೆಳಿಗ್ಗೆ ಎಂಟಾದರೆ ಅವಳಿಗೆ ಮಧ್ಯಾಹ್ನ ಹನ್ನೆರಡೂವರೆ. ಗಂಟೆಯಷ್ಟೇ ಅಲ್ಲ, ಋತುಗಳೂ ತಿರುವುಮುರುವು. ಯುಗಾದಿಗೆ ನಾನು ಬೇವಿನ ಚಿಗುರು ತೋರಿಸಿದರೆ, "ಇಲ್ಲಿ ಎಲೆಗಳೆಲ್ಲ ಹಳದಿ ಆಗಿ ಉದುರ್ತಿವೆ ಅಜ್ಜಿ" ಎಂದಳು.

ನಮ್ಮ ಭಾನುವಾರದ ಸುತ್ತು ಮನೆಯ ಗೇಟಿನಿಂದ ಶುರುವಾಗುತ್ತದೆ. ಅಪ್ಪಣೆ ಎಲ್ಲ ಅವಳದೇ. "ಮೆಲ್ಲಗೆ ಹೋಗು. ಈಗ ಎಡಕ್ಕೆ." ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನು ಇಣುಕಿ ನೋಡಬೇಕು, ಅದು ಅವಳು ಸೈಕಲ್ ಕಲಿತ ಜಾಗ. ಆಮೇಲೆ ಎಂಟನೇ ಕ್ರಾಸಿನ ಮಾರುಕಟ್ಟೆ. ಅಲ್ಲಿ ಹೂ ಮಾರುವ ಹೆಂಗಸು ಮೊಳ ಹಾಕುವುದನ್ನು ನಿಲ್ಲಿಸಿ, "ಯಾವಾಗ ಬರ್ತೀಯವ್ವಾ? ಜಡೆ ಎಷ್ಟುದ್ದ ಆಯ್ತು, ತೋರ್ಸು" ಅನ್ನುತ್ತಾಳೆ. ಪುಟ್ಟಿ ತಿರುಗಿ ನಿಂತು ಜಡೆ ತೋರಿಸುತ್ತಾಳೆ.

"ಅಲ್ಲಿ ಗೆಳತಿಯರು ಇಲ್ವೇನೆ?" ಎಂದು ಒಮ್ಮೆ ಕೇಳಿದೆ.

"ಸ್ಕೂಲಲ್ಲಿ ಇದಾರೆ ಅಜ್ಜಿ. ಆದ್ರೆ ರೋಡಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ."

ಆ ಮಾತು ನನ್ನ ಎದೆಯಲ್ಲೇ ಉಳಿದುಬಿಟ್ಟಿತು.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ದೊಡ್ಡ ಹೊಂಗೆ ಮರವಿತ್ತು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಅದರ ಬೊಡ್ಡೆಗೆ ಮುಖ ಒತ್ತಿಕೊಂಡೇ ಐವತ್ತು ಎಣಿಸಬೇಕು. ಬೇಸಿಗೆಯಲ್ಲಿ ಅದರ ಹೂ ಉದುರಿದರೆ ರಸ್ತೆಯ ಮೇಲೆ ಅರಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಪುಟ್ಟಿ ಆ ಹೂಗಳನ್ನು ಬೊಗಸೆಯಲ್ಲಿ ತುಂಬಿ ನನ್ನ ತಲೆಯ ಮೇಲೆ ಸುರಿದು ಓಡುತ್ತಿದ್ದಳು.

ಈ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಮಳೆ ಜೋರಾಗಿ ಬಂದು ಆ ಮರ ಬುಡಸಮೇತ ಉರುಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಾರನೇ ದಿನ ಮರವನ್ನು ತುಂಡು ಮಾಡಿ ಸಾಗಿಸಿದರು. ಹಳ್ಳಕ್ಕೆ ಮಣ್ಣು ತುಂಬಿ ಮೇಲೆ ಕಲ್ಲು ಚಪ್ಪಡಿ ಹಾಸಿದರು.

ಇದನ್ನು ಪುಟ್ಟಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ದೂರದಲ್ಲಿ ಕೂತ ಮಗು, ಯಾಕೆ ಸುಮ್ಮನೆ ನೋಯಿಸುವುದು ಅಂದುಕೊಂಡೆ. ಆ ಮೂಲೆ ಬಂದಾಗ ಮೊಬೈಲನ್ನು ನನ್ನ ಮುಖದ ಕಡೆ ತಿರುಗಿಸಿಕೊಂಡು ಏನಾದರೂ ಮಾತು ತೆಗೆಯುತ್ತಿದ್ದೆ. ಹೀಗೆ ಆರು ಭಾನುವಾರ ಕಳೆದವು.

ಏಳನೇ ಭಾನುವಾರ ಅವಳು ಕೇಳಿಯೇಬಿಟ್ಟಳು. "ಅಜ್ಜಿ, ಹೊಂಗೆ ಮರ ಇಲ್ವಾ?"

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮೊದಲು ಆ ಮೂಲೆಗೆ ಬಂದ ತಕ್ಷಣ ನಿನ್ನ ಮುಖದ ಮೇಲೆ ನೆರಳು ಬರ್ತಿತ್ತು. ಈಗ ಬಿಸಿಲು ಬರುತ್ತೆ. ನೀನು ಕಣ್ಣು ಕಿರಿದು ಮಾಡ್ತೀಯ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. ಆದರೆ ಅವಳು ಆಮೇಲೆ ಆಡಿದ ಮಾತು ಮರದ ಬಗ್ಗೆ ಅಲ್ಲ.

"ನನಗೆ ಹೇಳ್ಬೇಕಿತ್ತು ತಾನೆ? ನಾನೂ ನಮ್ಮ ಬೀದಿಯವಳೇ ಅಲ್ವಾ?"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮಜ್ಜಿ, ಅಂದರೆ ನಮ್ಮ ತಂದೆಯ ತಾಯಿ, ಪದೇಪದೇ ನೆನಪಾದರು.

ಮಕ್ಕಳೇ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಗಾಳಿ ಬೆಳಕು ಕಡಿಮೆ. ಇಲಿಗಳು ಸತ್ತು ಬೀಳುತ್ತಿದ್ದವು. ಬೇನೆಗೆ ಸಾವಿರಾರು ಜನ ಬಲಿಯಾದರು. ಹೆದರಿದ ಜನ ಪೇಟೆ ಬಿಟ್ಟು ಹೊರಬಂದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಳ್ಳತೊಡಗಿದ್ದು ಆ ಕಾಲದಲ್ಲೇ. ಅಗಲ ರಸ್ತೆ, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆ, ಚೊಕ್ಕಟವಾಗಿರಲೆಂದು ಮನೆಯ ಹಿಂದೊಂದು ಗಲ್ಲಿ. ಪುಟ್ಟಿ ಸೈಕಲ್ ಕಲಿತ ಗಲ್ಲಿಯೂ ಅಂಥದ್ದೇ.

ಆಗ ನಮ್ಮಜ್ಜಿ ಹತ್ತು ವರ್ಷದ ಹುಡುಗಿ. ಚಿಕ್ಕಪೇಟೆಯ ಮನೆ ಬಿಟ್ಟು ಇಲ್ಲಿಗೆ ಬಂದರು. ಈಗ ಸಂಪಿಗೆ ರಸ್ತೆಯಿಂದ ಮೆಟ್ರೋ ಹತ್ತಿದರೆ ಚಿಕ್ಕಪೇಟೆ ಎರಡನೇ ನಿಲ್ದಾಣ. ಆದರೆ ಆ ಹುಡುಗಿಗೆ ಅದು ಮೆಲ್ಬರ್ನಿನಷ್ಟೇ ದೂರ. ಇಲ್ಲಿ ಸಂಜೆಯಾದರೆ ಬಿಕೋ ಅನ್ನುತ್ತಿತ್ತಂತೆ. ಪೇಟೆಯ ಗಲಾಟೆ ಇಲ್ಲದೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾಗಿದ್ದದ್ದು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿಗಳಲ್ಲಿ ಬರುವಾಗ, ಅವರು ತಮ್ಮ ಮನೆಯ ಜಗಲಿಯ ಮೇಲೆ ನಿಂತು ಮಲ್ಲಿಗೆ ಎರಚುತ್ತಿದ್ದರಂತೆ.

ಎರಡು ವರ್ಷ ಕಳೆದ ಮೇಲೆ ಕರಗದ ರಾತ್ರಿ ಅಪ್ಪ ಅವರನ್ನು ಪೇಟೆಗೆ ಕರೆದೊಯ್ದರು. ಅಜ್ಜಿ ಅಪ್ಪನ ಕೈ ಬಿಡಿಸಿಕೊಂಡು ಓಡಿ ತಮ್ಮ ಮನೆಯ ಜಗಲಿ ಹತ್ತಿದರು. ಒಳಗಿಂದ ಯಾರೋ ಬೇರೆಯವರು ಬಂದು, "ಯಾರ ಮಗು ನೀನು?" ಎಂದು ಕೇಳಿದರು. ಮನೆ ಮಾರಿ ಆಗಿಹೋಗಿತ್ತು. ಮಗಳು ಅಳುತ್ತಾಳೆ ಎಂದು ಅಪ್ಪ ಹೇಳಿರಲಿಲ್ಲ.

ಈ ಕತೆ ಹೇಳುವಾಗ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. "ಮನೆ ಹೋಯ್ತಲ್ಲ ಅಂತ ದುಃಖ ಇಲ್ಲ ಕಣೇ. ನಂಗೊಬ್ಬಳಿಗೆ ಹೇಳಲಿಲ್ಲವಲ್ಲ!" ಎನ್ನುವಾಗ ಅವರ ದನಿ ಆಗಲೂ ನಡುಗುತ್ತಿತ್ತು. ಇಷ್ಟೆಲ್ಲ ಕೇಳಿ ಬೆಳೆದವಳು ನಾನು. ಆದರೂ ಅದೇ ತಪ್ಪನ್ನು ಮಾಡಿದ್ದೆ.

ಮುಂದಿನ ಭಾನುವಾರ ಬೀದಿಗೆ ಹೋಗುವ ಮೊದಲು ಪುಟ್ಟಿಗೆ ಈ ಕತೆ ಹೇಳಿದೆ. "ತಪ್ಪಾಯ್ತು ಕಣೇ" ಎಂದೆ. ಆಮೇಲೆ ಆ ಮೂಲೆಗೆ ಹೋಗಿ ಮೊಬೈಲನ್ನು ಕೆಳಗೆ ಬಗ್ಗಿಸಿ ಚಪ್ಪಡಿಯನ್ನು ತೋರಿಸಿದೆ. ಅವಳು ತುಂಬಾ ಹೊತ್ತು ನೋಡಿದಳು. "ಈಗ ಎಲ್ಲಿ ನಿಂತು ಎಣಿಸ್ತಾರೆ?" ಎಂದು ಕೇಳಿದಳು. ಪಕ್ಕದ ಲೈಟು ಕಂಬ ತೋರಿಸಿದೆ. "ಕಂಬ ಸಣ್ಣದು, ಮುಖ ಮುಚ್ಚಲ್ಲ. ಎಲ್ಲಾ ಮೋಸ ಮಾಡ್ತಾರೆ ಬಿಡು" ಎಂದಳು. ಇಬ್ಬರೂ ನಕ್ಕೆವು.

ನಕ್ಕಾದ ಮೇಲೆ ದನಿ ಇಳಿಸಿ, "ಅಜ್ಜಿ, ನಾನೂ ಒಂದು ಹೇಳಿಲ್ಲ" ಎಂದಳು. ಅವಳು ಸ್ಕೂಲಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ನೀಲಗಿರಿ ಜಾತಿಯ ಮರವಿದೆಯಂತೆ. ಅದರಲ್ಲಿ ಮ್ಯಾಗ್‌ಪೈ ಎಂಬ ಕಪ್ಪು ಬಿಳುಪು ಹಕ್ಕಿ. ಸೆಪ್ಟೆಂಬರಿಗೆ ಅಲ್ಲಿ ವಸಂತ ಶುರು. ಆಗ ಈ ಹಕ್ಕಿಗಳು ಗೂಡು ಕಾಯುತ್ತಾ, ಹತ್ತಿರ ಬಂದವರ ತಲೆಯ ಮೇಲೆ ಎರಗುತ್ತವಂತೆ. ಅವಕ್ಕೆ ಮನುಷ್ಯರ ಮುಖದ ಗುರುತೂ ಸಿಗುತ್ತದಂತೆ. "ನನಗೆ ಮಾತ್ರ ಏನೂ ಮಾಡಲ್ಲ. ಅದಕ್ಕೆ ನನ್ನ ಗುರುತಿದೆ. ನನಗೆ ಆ ಮರ ತುಂಬಾ ಇಷ್ಟ ಅಜ್ಜಿ. ಹೇಳಿದ್ರೆ ನಿನಗೆ ಬೇಜಾರಾಗುತ್ತೇನೋ ಅಂತ..."

ನಾನು ಮರ ಬಿದ್ದದ್ದನ್ನು ಮುಚ್ಚಿಟ್ಟೆ. ಅವಳು ಮರ ಸಿಕ್ಕಿದ್ದನ್ನು ಮುಚ್ಚಿಟ್ಟಳು. ಹೊಸ ಬೀದಿಯನ್ನು ಇಷ್ಟಪಟ್ಟರೆ ಹಳೆಯ ಬೀದಿಗೆ ದ್ರೋಹ ಮಾಡಿದ ಹಾಗೆ ಎಂದು ಆ ಮಗು ಅಂದುಕೊಂಡಿತ್ತು. ಹಾಗೆ ಅನ್ನಿಸುವಂತೆ ಮಾಡಿದವಳು ನಾನೇ ಇರಬೇಕು. ಪ್ರತಿ ಸಲವೂ, "ನಮ್ಮ ಬೀದಿ ಮರೆತಿಲ್ಲ ತಾನೆ?" ಎಂದು ಕೇಳುತ್ತಿದ್ದೆನಲ್ಲ!

ಅಜ್ಜ ಅಜ್ಜಿಯರೇ, ದೂರ ಇರುವ ಮಕ್ಕಳಿಗೆ ಊರಿನ ಸುದ್ದಿಯನ್ನು ಇದ್ದ ಹಾಗೇ ಹೇಳಿ. ಅಳಲಿ ಬಿಡಿ, ಜೊತೆಯಲ್ಲಿ ಅತ್ತರಾಯಿತು. ಮಕ್ಕಳೇ, ಈ ರಜೆಯಲ್ಲಿ ಒಂದು ಹಾಳೆ ಹಿಡಿದು ನಿಮ್ಮ ಅಜ್ಜ ಅಜ್ಜಿಯ ಹತ್ತಿರ ಕೂತು, ಅವರು ಚಿಕ್ಕವರಿದ್ದಾಗಿನ ಬೀದಿಯ ನಕ್ಷೆ ಬರೆಸಿ. ಅವರು ಬಿಟ್ಟು ಬಂದ ಬೀದಿಯೂ ಒಂದಿರುತ್ತದೆ.

ಈಗ ನಮ್ಮ ಭಾನುವಾರದ ಸುತ್ತಿನಲ್ಲಿ ಎರಡು ಭಾಗ. ಮೊದಲು ನಮ್ಮ ಬೀದಿ, ಆಮೇಲೆ ಅವಳ ಬೀದಿ. ಅಲ್ಲಿ ನಾನು ಹೊಸಬಳು, ಒಂದು ಮರದ ಹೆಸರೂ ಬಾರದು. ಅವಳೇ ಹೇಳಿಕೊಡುತ್ತಾಳೆ. ಹೋದ ವಾರ ಮ್ಯಾಗ್‌ಪೈ ಬೇಲಿಯ ಮೇಲೆ ಕೂತಿತ್ತು. ಪುಟ್ಟಿ ಮೊಬೈಲನ್ನು ಅದರ ಕಡೆಗೆ ಹಿಡಿದು, "ಇವರು ನಮ್ಮಜ್ಜಿ. ಗುರುತು ಇಟ್ಕೋ, ಬಂದಾಗ ತಲೆಗೆ ಕುಕ್ಕಬೇಡ" ಎಂದಳು.