ಪೇಟೆಂಟ್ ಅವ ಅಂತ!

ಕಾಗಿಣಾ ಹೊಳೆ ತುಂಬಿ ದಂಡೋತಿಯ ಸೇತುವೆ ಮುಳುಗಿದ್ದ ಒಂದು ಮಳೆಗಾಲ. ಶಾಲೆಗೆ ಹೋಗಲಾಗದೆ ಮನೆಯಲ್ಲೇ ಕುಳಿತಿದ್ದೆ. ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನೂ ದಾರಿ ಬಂದಾಗಿ ನಮ್ಮಲ್ಲೇ ಉಳಿದಿದ್ದ. ಅವನ ಗೆಳೆಯರದೊಂದು ಸಣ್ಣ ಇಂಟರ್‌ನೆಟ್ ಕಂಪನಿಯಂತೆ. ಷೇರು ಇನ್ನೂ ಪೇಟೆಗೆ ಬಂದಿಲ್ಲ, ಈಗಲೇ ಕೊಂಡರೆ ಒಂದಕ್ಕೆ ಹತ್ತಾಗುತ್ತದಂತೆ. "ದೊಡ್ಡವ್ವಾ, ಸುಮ್ಮ ಕಂಪನಿ ಅಲ್ಲ ಇದು. ಮೂರು ಪೇಟೆಂಟ್ ಅವ ಅದಕ್ಕ" ಎಂದ.

ನಾನು ಕೊಡಲಿಲ್ಲ. ಜಾಣತನದಿಂದಲ್ಲ, ಆಗ ಕೈಯಲ್ಲಿ ದುಡ್ಡಿರಲಿಲ್ಲ. ನನ್ನ ತಂಗಿ ಕೊಟ್ಟಳು. ಸಿಮೆಂಟ್ ಕಾರ್ಖಾನೆಯ ಧೂಳು ಕುಡಿದು ತೀರಿಕೊಂಡ ಗಂಡನ ಗ್ರಾಚ್ಯುಟಿ ಹಣದಲ್ಲಿ ಎರಡು ಲಕ್ಷ. ಕೊಡುವ ಮೊದಲು ಫೋನಿನಲ್ಲಿ ಕೇಳಿದ್ದಳು: "ಅಕ್ಕಾ, ಪೇಟೆಂಟ್ ಅಂದ್ರ ಸರಕಾರದ ಮುದ್ರಿ ಹೌದಿಲ್ಲ? ಮತ್ತ ಅಂಜೋದ್ಯಾಕ?" ಮೂವತ್ತು ವರ್ಷ ಪಾಠ ಹೇಳಿದ ನಾನು "ಹೌದೇನೋ" ಎಂದುಬಿಟ್ಟೆ. ಆ "ಹೌದೇನೋ" ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಅದು ಮುದ್ರೆಯೇ ನಿಜ. ಆದರೆ ಯಾವುದಕ್ಕೆ ಮುದ್ರೆ? ಈ ಉಪಾಯ ಹೊಸದು, ಇಪ್ಪತ್ತು ವರ್ಷ ಬೇರೆಯವರು ಇದನ್ನು ಬಳಸದಂತೆ ನೀನು ತಡೆಯಬಹುದು ಎಂಬುದಕ್ಕೆ. ಅದರಿಂದ ವ್ಯಾಪಾರ ಆಗುತ್ತದೆ, ಲಾಭ ಬರುತ್ತದೆ ಎಂದು ಸರ್ಕಾರ ಎಲ್ಲಿಯೂ ಹೇಳುವುದಿಲ್ಲ. ತಡೆಯುವ ಕೆಲಸವೂ ನಿಮ್ಮದೇ. ಕಳ್ಳನನ್ನು ಹಿಡಿಯಲು ಪೊಲೀಸರು ಬರುವುದಿಲ್ಲ, ವಕೀಲರನ್ನಿಟ್ಟು ನೀವೇ ಕೋರ್ಟಿಗೆ ಹೋಗಬೇಕು. ಸಂಬಳಕ್ಕೇ ಪರದಾಡುವ ಸಣ್ಣ ಕಂಪನಿ ದೊಡ್ಡ ಕಂಪನಿಯ ಮೇಲೆ ಎಷ್ಟು ವರ್ಷ ದಾವೆ ನಡೆಸೀತು? ಪೇಟೆಂಟನ್ನು ಉಳಿಸಿಕೊಳ್ಳಲು ಫೀಸನ್ನೂ ಕಟ್ಟುತ್ತಿರಬೇಕು, ತಪ್ಪಿದರೆ ಹಕ್ಕು ಬಿದ್ದುಹೋಗುತ್ತದೆ.

ಇನ್ನೊಂದು ಮಾತನ್ನು ಈ ಬಣ್ಣದ ಕಾಗದದವರು ಹೇಳುವುದೇ ಇಲ್ಲ. ೨೦೦೩ರಿಂದ ಜಾರಿಯಲ್ಲಿರುವ ನಮ್ಮ ಕಾನೂನಿನ ಪ್ರಕಾರ ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗಾಗಲಿ, ವ್ಯಾಪಾರದ ವಿಧಾನಕ್ಕಾಗಲಿ ಪೇಟೆಂಟ್ ಇಲ್ಲ. ೨೦೦೪ರ ಡಿಸೆಂಬರಿನ ಸುಗ್ರೀವಾಜ್ಞೆ ಈ ಬಾಗಿಲನ್ನು ಸ್ವಲ್ಪ ತೆರೆಯಹೊರಟಿತ್ತು, ೨೦೦೫ರಲ್ಲಿ ಸಂಸತ್ತು ಅದನ್ನು ಕೈಬಿಟ್ಟಿತು. ಹಾಗಿರುವಾಗ ಮೊಬೈಲಿನ ಆ್ಯಪ್ ಒಂದನ್ನೇ ನಂಬಿದ ಕಂಪನಿ "ಪೇಟೆಂಟ್" ಎಂದು ಕೂಗಿದರೆ ಯಾವುದಕ್ಕೆ, ಯಾವ ದೇಶದಲ್ಲಿ ಎಂದು ಕೇಳಬೇಕಲ್ಲವೆ? ಅಮೆರಿಕದ ಪೇಟೆಂಟ್ ಇಲ್ಲಿ ನಡೆಯುವುದಿಲ್ಲ.

ದೊಡ್ಡವರ ಕಥೆಯನ್ನೇ ನೋಡಿ. ಒಂದೇ ಒತ್ತಿಗೆ ಸಾಮಾನು ಕೊಳ್ಳುವ ಉಪಾಯಕ್ಕೆ ಅಮೆಜಾನ್ ೧೯೯೯ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಆ ವರ್ಷದ ಕೊನೆಗೆ ನೂರು ಡಾಲರ್ ದಾಟಿದ್ದ ಅದರ ಷೇರು ೨೦೦೧ರಲ್ಲಿ ಆರು ಡಾಲರಿಗೆ ಕುಸಿಯಿತು. ಪೇಟೆಂಟ್ ಕೈಯಲ್ಲೇ ಇತ್ತು. ಗಿರಾಕಿಯೇ ಬೆಲೆ ಹೇಳುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ ಪ್ರೈಸ್‌ಲೈನ್ ಕಂಪನಿಯ ಷೇರೂ ೧೯೯೯ರಲ್ಲಿ ಆಕಾಶ ಮುಟ್ಟಿ, ೨೦೦೦ದ ಕೊನೆಗೆ ಎರಡು ಡಾಲರಿಗೂ ಕೆಳಗಿಳಿಯಿತು. ಕೆನಡಾದ ನಾರ್ಟೆಲ್ ೨೦೦೯ರಲ್ಲಿ ದಿವಾಳಿಯಾಯಿತು. ೨೦೧೧ರಲ್ಲಿ ಅದರ ಸುಮಾರು ಆರು ಸಾವಿರ ಪೇಟೆಂಟುಗಳು ೪೫೦ ಕೋಟಿ ಡಾಲರಿಗೆ ಮಾರಾಟವಾದವು. ಆ ಹಣಕ್ಕೆ ಸಾಲ ಕೊಟ್ಟವರು ಸರದಿ ನಿಂತರು. ಷೇರುದಾರರಿಗೆ ಚಿಕ್ಕಾಸೂ ಸಿಗಲಿಲ್ಲ.

ನಮ್ಮ ಬೆಂಗಳೂರಿನದೇ ಬೇಕೆಂದರೆ ತೇಜಸ್ ನೆಟ್‌ವರ್ಕ್ಸ್ ಇದೆ. ಇಂಟರ್‌ನೆಟ್ ಸಾಗಿಸುವ ಉಪಕರಣ ಮಾಡುವ ಕಂಪನಿ, ೨೦೦೦ದಲ್ಲಿ ಹುಟ್ಟಿದ್ದು. ೨೦೧೭ರಲ್ಲಿ ಷೇರು ಪೇಟೆಗೆ ಬಂದಾಗ ಬೆಲೆ ೨೫೭ ರೂಪಾಯಿ. ಅಷ್ಟರಲ್ಲೇ ಮುನ್ನೂರಕ್ಕೂ ಹೆಚ್ಚು ಪೇಟೆಂಟ್ ಅರ್ಜಿ ಹಾಕಿತ್ತು. ೨೦೨೦ರ ಮಾರ್ಚಿನಲ್ಲಿ ಅದೇ ಷೇರು ನಲವತ್ತಕ್ಕೂ ಕೆಳಗೆ ಬಂತು. ಪೇಟೆಂಟುಗಳೇನು ಓಡಿಹೋಗಿದ್ದವೆ? ೨೦೨೧ರಲ್ಲಿ ಟಾಟಾ ಬಳಗ ಷೇರಿಗೆ ೨೫೮ರಂತೆ ಹಣ ಹಾಕಿ ಕೈಹಿಡಿಯಿತು. ೨೦೨೩ರಲ್ಲಿ ಬಿಎಸ್‌ಎನ್‌ಎಲ್ ಜಾಲಕ್ಕೆ ಉಪಕರಣ ಪೂರೈಸುವ ಏಳು ಸಾವಿರ ಕೋಟಿಗೂ ಮಿಕ್ಕಿದ ಆರ್ಡರು ಬಂತು. ೨೦೨೪ರಲ್ಲಿ ಷೇರು ಸಾವಿರ ದಾಟಿತು, ಆಮೇಲೆ ಮತ್ತೆ ಇಳಿಯಿತು. ಏರಿಸಿದ್ದು ಆರ್ಡರು, ಇಳಿಸಿದ್ದೂ ಆರ್ಡರೇ. ಅಂಥ ಆರ್ಡರು ಹಿಡಿಯುವ ಸಾಮಾನು ಮಾಡಲು ವರ್ಷಗಟ್ಟಲೆಯ ಸಂಶೋಧನೆ ಬೇಕು, ಪೇಟೆಂಟ್ ಅದರ ಗುರುತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗುರುತು ಬೇರೆ, ಗಳಿಕೆ ಬೇರೆ.

ಇದು ನಮಗೇನು ಹೊಸದಲ್ಲ. ಗುಲ್ಬರ್ಗಾ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದು ಪೇಟೆಂಟಲ್ಲ, ಬೇರೆ ಬಗೆಯ ಹಕ್ಕು. ನಮ್ಮ ಹೊಲದ ತೊಗರಿಯೂ ಅದೇ ಕರಿಮಣ್ಣಿನದು. ಆದರೆ ಸೇಡಂ ಅಡತಿ ಅಂಗಡಿಯಲ್ಲಿ ಚೀಲ ಇಳಿಸಿದಾಗ ದರ ಹೇಳುವುದು ಆ ವರ್ಷದ ಮಳೆ, ಪರದೇಶದಿಂದ ಬಂದ ತೊಗರಿ. ಮಾನ್ಯತೆಯ ಕಾಗದ ತೋರಿಸಿ ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಇಸಿದುಕೊಂಡವರನ್ನು ನಾನು ಕಂಡಿಲ್ಲ. ತೊಗರಿಯ ವಿಷಯದಲ್ಲಿ ಇಷ್ಟು ತಿಳಿದ ನಾವು, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ ಕಂಡರೆ ಏಕೆ ಮಂಕಾಗುತ್ತೇವೆ? ನಮ್ಮ ಈ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡು ವಿಧವೆಯರ, ಪಿಂಚಣಿದಾರರ ಗಂಟಿಗೆ ಕೈಹಾಕುವವರನ್ನು ಬುದ್ಧಿವಂತರೆಂದು ಕರೆಯಲು ನಾನು ಸಿದ್ಧಳಿಲ್ಲ.

ತಂಗಿಯ ಕಂಪನಿ ಎರಡೇ ವರ್ಷಕ್ಕೆ ಬಾಗಿಲು ಹಾಕಿತು. ಆಮೇಲೆ ನಾನು ಹುಡುಗನನ್ನು ಬೆನ್ನು ಹತ್ತಿ ಕೇಳಿದೆ. ಮೂರೂ ತಾತ್ಕಾಲಿಕ ಅರ್ಜಿಗಳಂತೆ. ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಅಂಥ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಇವರು ಸಲ್ಲಿಸಿಯೇ ಇರಲಿಲ್ಲ. ಷೇರು ಮಾರುವ ಹೊತ್ತಿಗಾಗಲೇ ಅವಧಿ ಮುಗಿದಿತ್ತು.

ಪಂಚಮಿಗೆ ತಂಗಿ ಬಂದಿದ್ದಳು. ಉಂಡಿ ಕಟ್ಟುತ್ತಾ ಕುಳಿತಾಗ ಮೆಲ್ಲಗೆ ಕೇಳಿದಳು: "ಅಕ್ಕಾ, ಕಂಪನಿ ಮುಚ್ಚಿದ್ರ ಮುಚ್ಚಲಿ, ಆ ಮೂರು ಪೇಟೆಂಟ್ ಈಗ ಯಾರ ಬಲ್ಲಿ ಅವ?" ಈ ಸಲ ನಾನು "ಹೌದೇನೋ" ಎನ್ನಲಿಲ್ಲ. ಇಲ್ಲ ಎಂದೆ, ಎಂದೂ ಇರಲೇ ಇಲ್ಲ ಎಂದೆ. ಅವಳ ಕೈ ನಿಂತಿತು. ಆಮೇಲೆ ಮತ್ತೆ ಉಂಡಿ ಕಟ್ಟತೊಡಗಿದಳು.