ಇನ್ನೊಂದ್ಸಲ ಬಡಿ, ನೋಡ್ತೀನಿ!

ಮೂರನೇ ಕ್ಲಾಸಿನಲ್ಲಿ ನನ್ನ ಮಗ ಬೆಂಚು ಬಡಿಯುತ್ತಿದ್ದ. ಮಿಸ್ಸು ಗದರಿದರು: ‘ಇನ್ನೊಂದ್ಸಲ ಬಡಿ, ನೋಡ್ತೀನಿ!’ ಅವನು ಇನ್ನೊಂದು ಸಲ ಬಡಿದ. ಅವರು ನೋಡಲಿ ಎಂದೇ ಬಡಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು, ಇವನು ಕಾರಿಡಾರಿನಲ್ಲಿ ನಿಂತ. ಸಂಜೆ ನನ್ನನ್ನು ಕರೆಸಿ ಅವರು ಹೇಳಿದ್ದು: ‘ಆಟಿಸಂ ಮಕ್ಕಳಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗಲ್ಲ ಮೇಡಂ, ಟ್ರೇನಿಂಗಲ್ಲಿ ಹೇಳಿದಾರೆ.’

ಹೇಳದೆ ಏನು! 1985ರಿಂದ ಅದೇ ಹಾಡು. ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಎಂಬ ಮೂವರು ಬ್ರಿಟನ್ನಿನಲ್ಲಿ ಎರಡು ಗೊಂಬೆ, ಒಂದು ಗೋಲಿ ಇಟ್ಟುಕೊಂಡು ಪ್ರಯೋಗ ಮಾಡಿದರು. ಸ್ಯಾಲಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ, ಆನ್ ಅದನ್ನು ಪೆಟ್ಟಿಗೆಗೆ ಸಾಗಿಸುತ್ತಾಳೆ. ವಾಪಸ್ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಅವಳ ಮನಸ್ಸಿನಲ್ಲಿ ಗೋಲಿ ಇನ್ನೂ ಬುಟ್ಟಿಯಲ್ಲೇ ಇದೆ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ನಾಲ್ವರು ಸರಿ ಹೇಳಿದರು. ಆ ನಾಲ್ವರು ಎಲ್ಲಿ ಹೋದರು ಸ್ವಾಮಿ? ಟ್ರೇನಿಂಗಿನ ಸ್ಲೈಡಿನಲ್ಲಿ ಅವರಿಗೆ ಜಾಗ ಸಾಲಲಿಲ್ಲವೇ? ಯಾವ ತೊಂದರೆಯೂ ಇಲ್ಲದ 27 ಮಕ್ಕಳಲ್ಲೂ ನಾಲ್ವರು ತಪ್ಪಿದ್ದರು. ಅವರ ಹಣೆಗೆ ಯಾರೂ ಚೀಟಿ ಅಂಟಿಸಲಿಲ್ಲ. ನಾಲ್ವರು ಪಾಸಾದ ಪರೀಕ್ಷೆ ಹಿಡಿದುಕೊಂಡು ‘ಒಬ್ಬರಿಗೂ ಅರ್ಥವಾಗಲ್ಲ’ ಎನ್ನುವುದು ಯಾವ ಲೆಕ್ಕ?

ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ವಿದ್ವಾಂಸ. ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದು 2012ರಲ್ಲೇ ಬರೆದರು. ಮಿಸ್ಸಿಗೆ ನನ್ನ ಮಗನ ಮನಸ್ಸು ಅರ್ಥವಾಯಿತೇ? ತಲೆಯ ಮೇಲಿನ ಫ್ಯಾನು ಟಕ್ ಟಕ್ ಅನ್ನುತ್ತಿತ್ತು, ಅವನು ಅದಕ್ಕೆ ತಾಳ ಹಾಕುತ್ತಿದ್ದ. ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳಿದೆ, ಹೇಳಿದ.

ಕಣ್ಣಿನ ವಿಷಯವಂತೂ ಇನ್ನೂ ಚೆಂದ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಇವನಿಗೆ ವಾರಕ್ಕೆರಡು ದಿನ ಥೆರಪಿ. ಪಕ್ಕದ ಬೆಂಚಿನವನು ಹಾಗೆ ನೋಡಿದರೆ, ‘ಏನೋ ಗುರಾಯಿಸ್ತೀಯಾ, ತಲೆ ತಗ್ಗಿಸು!’ ಈ ಊರಿನ ಮರ್ಯಾದೆಯೇ ಹೀಗಿರುವಾಗ ಯಾವುದನ್ನು ಕಲಿಯಬೇಕು ಮಗು?

ಇಷ್ಟರ ಮೇಲೆ, ಮಗುವಿನ ಪಕ್ಕ ಕೂರಲು ಶ್ಯಾಡೋ ಟೀಚರ್ ಇಟ್ಟುಕೊಳ್ಳಿ, ಸಂಬಳ ನಿಮ್ಮದೇ ಎಂಬ ಸ್ಕೂಲಿನ ಅಪ್ಪಣೆ. ಫೀಸಿನಲ್ಲಿ ನಯಾಪೈಸೆ ಕಡಿತವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಅದನ್ನು ನೆನಪಿಸಿದರೆ ‘ಬೇರೆ ಸ್ಕೂಲು ನೋಡಿಕೊಳ್ಳಿ’ ಎಂಬ ಮುಗುಳ್ನಗೆ.

ಮಿಸ್ಸೇ, ಬಡಿಯಬಾರದು ಅಂದರೆ ‘ಬಡಿಯಬೇಡ’ ಅನ್ನಿ. ಆ ಫ್ಯಾನಿಗೂ ಯಾರನ್ನಾದರೂ ಕರೆಸಿ.